ರಾ ಫೈಲ್ ನೋಡುವಾಗ ಎಕ್ಸ್‌ಪೋಶರ್ ಹೊಂದಿಸುವುದು ಹೇಗೆ? ಹಾಸನ–ಚಿಕ್ಕಮಗಳೂರಿನ ಫೋಟೊಗ್ರಾಫರುಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಬೇಲೂರಿನ ನವರಂಗದೊಳಗೆ ಕತ್ತಲು, ಹೊರಗೆ ಕಾಲಿಟ್ಟರೆ ಕಣ್ಣು ಕುಕ್ಕುವ ಅಂಗಳ. ಮುಳ್ಳಯ್ಯನಗಿರಿಯಲ್ಲಿ ಹತ್ತಡಿ ಆಚೆ ಏನೂ ಕಾಣದ ಮಂಜು. ತೋಟದಲ್ಲಿ ಕಡುಹಸಿರು ಎಲೆಗಳ ನಡುವೆ ಹತ್ತಿಯಂಥ ಕಾಫಿ ಹೂ. ಈ ಎರಡು ಜಿಲ್ಲೆಗಳಲ್ಲಿ ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ನಂಬಿ ಕ್ಲಿಕ್ಕಿಸಿದವರಿಗೆ ಮನೆಗೆ ಬಂದು ಫೈಲ್ ತೆರೆದಾಗ ತಲೆ ಕೆರೆದುಕೊಳ್ಳುವ ಕೆಲಸ ಇದ್ದೇ ಇರುತ್ತದೆ. ಫೋಟೊವನ್ನು ಚಂದಗಾಣಿಸುವ ವಿದ್ಯೆ ಈ ಪುಟದಲ್ಲಿಲ್ಲ. ಅದಕ್ಕೂ ಮೊದಲಿನ ಹೆಜ್ಜೆ ಇಲ್ಲಿದೆ: ಎಕ್ಸ್‌ಪೋಶರ್ ಸ್ಲೈಡರನ್ನು (ಚಿತ್ರದ ಬೆಳಕು ಏರಿಸಿ ಇಳಿಸುವ ಪಟ್ಟಿ) ಟಾರ್ಚಿನಂತೆ ಹಿಡಿದು, ರಾ ಫೈಲಿನೊಳಗೆ, ಅಂದರೆ ಸೆನ್ಸರ್ ಬರೆದ ಅಂಕಿಗಳನ್ನು ಹಾಗೆಯೇ ಇಟ್ಟ ಫೈಲಿನೊಳಗೆ, ಏನು ಉಳಿದಿದೆ, ಏನು ಹೋಗಿದೆ ಎಂದು ನೋಡಿ, ಇಟ್ಟುಕೊಳ್ಳಬೇಕೋ ಅಳಿಸಬೇಕೋ ಎಂದು ತೀರ್ಮಾನಿಸುವುದು.

ಕ್ಯಾಮೆರಾ ಪರದೆಯಲ್ಲಿ ಚೆನ್ನಾಗಿದ್ದ ಫೋಟೊ ಅಡೋಬಿಯ ಲೈಟ್‌ರೂಮ್ ಸಾಫ್ಟ್‌ವೇರಿನಲ್ಲಿ ತೆರೆದ ಎರಡೇ ಸೆಕೆಂಡಿಗೆ ಮಂಕಾಗುತ್ತದೆ. ಫೈಲ್ ಕೆಟ್ಟಿದೆಯಾ?

ಇಲ್ಲ. ಹೆಚ್ಚುಕಮ್ಮಿ ಪ್ರತಿ ರಾ ಫೈಲಿನ ಹೊಟ್ಟೆಯಲ್ಲಿ ಕ್ಯಾಮೆರಾ ತಾನೇ ಮಾಡಿಟ್ಟ ಒಂದು ಜೆಪೆಗ್ ಇರುತ್ತದೆ. ಕ್ಯಾಮೆರಾದ ಹಿಂಬದಿ ಪರದೆ ತೋರಿಸುವುದು ಅದನ್ನೇ. ಲೈಟ್‌ರೂಮ್ ಕೂಡ ಮೊದಲು ಅದನ್ನೇ ತೋರಿಸಿ, ಅಷ್ಟರಲ್ಲಿ ಸೆನ್ಸರಿನ ಅಂಕಿಗಳನ್ನು ತನ್ನ ರೀತಿಯಲ್ಲಿ ಲೆಕ್ಕ ಹಾಕಿ, ಹೊಸ ಚಿತ್ರವನ್ನು ಅದರ ಜಾಗದಲ್ಲಿ ಇಡುತ್ತದೆ. ಕ್ಯಾಮೆರಾದ ಜೆಪೆಗ್‌ಗೆ ಕಾಂಟ್ರಾಸ್ಟ್, ಬಣ್ಣ, ಶಾರ್ಪ್‌ನೆಸ್ ಎಲ್ಲ ಬೆರೆಸಿರುತ್ತಾರೆ. ಲೈಟ್‌ರೂಮಿನ ಮೊದಲ ರೂಪಕ್ಕೆ ಅಷ್ಟು ಮಸಾಲೆ ಬಿದ್ದಿರುವುದಿಲ್ಲ. ಎರಡೂ ಒಂದೇ ದತ್ತಾಂಶದ ಎರಡು ಓದು. ಸೆನ್ಸರ್ ಬರೆದ ಅಂಕಿಗಳನ್ನು ಹಾಗೆಯೇ ಪರದೆಗೆ ಹಾಕಿದರೆ ಕಾಣುವುದು ಹಸಿರು ಛಾಯೆಯ, ಕಪ್ಪು ಕವಿದ ಚಿತ್ರ. ಅದನ್ನು ಯಾರೂ ಫೋಟೊ ಎನ್ನುವುದಿಲ್ಲ.

ಇರ್ಫಾನ್‌ವ್ಯೂ, ಎಕ್ಸ್‌ಎನ್‌ವ್ಯೂನಂಥ ವೇಗದ ವ್ಯೂವರ್‌ಗಳಲ್ಲಿ ಒಳಗಿನ ಆ ಜೆಪೆಗ್ ತೋರಿಸುವ ಸೆಟ್ಟಿಂಗ್ ಇರುತ್ತದೆ. ಅದು ಆನ್ ಆಗಿದ್ದರೆ ಬೆಳಕು ಕೂಡಿಸಿ ಕಳೆದು ನೋಡಿ ಫಲವಿಲ್ಲ. ನೀವು ಎಳೆದಾಡುತ್ತಿರುವುದು ಜೆಪೆಗ್ ಅನ್ನು, ರಾ ದತ್ತಾಂಶವನ್ನಲ್ಲ.

ಸ್ಲೈಡರಿನಲ್ಲಿ +1 ಅಂದರೆ ನಿಖರವಾಗಿ ಏನು?

ಒಂದು ಸ್ಟಾಪ್. ಬೆಳಕಿನ ಅಂಕಿ ಎರಡು ಪಟ್ಟು. +2 ಅಂದರೆ ನಾಲ್ಕು ಪಟ್ಟು, +3 ಅಂದರೆ ಎಂಟು ಪಟ್ಟು. −1 ಅಂದರೆ ಅರ್ಧ. ಶಟರ್ 1/250ರಿಂದ 1/125ಕ್ಕೆ ಇಳಿಸಿದಾಗ, ಅಪರ್ಚರ್ ಎಫ್8ರಿಂದ ಎಫ್5.6ಕ್ಕೆ ತೆರೆದಾಗ ಆಗುವ ವ್ಯತ್ಯಾಸವೂ ಅಷ್ಟೇ.

ಹೋಲಿಕೆ ಅಲ್ಲಿಗೇ ನಿಲ್ಲುತ್ತದೆ. ಶಟರ್ ನಿಧಾನ ಮಾಡಿದಾಗ ಸೆನ್ಸರಿಗೆ ನಿಜವಾಗಿ ಹೆಚ್ಚು ಬೆಳಕು ಬೀಳುತ್ತದೆ. ಸ್ಲೈಡರ್ ಎಳೆದಾಗ, ಬಿದ್ದ ಬೆಳಕಿನ ಅಂಕಿಯನ್ನು ಗುಣಿಸುತ್ತೀರಿ, ಜೊತೆಗೆ ನಾಯ್ಸನ್ನೂ (ಚಿತ್ರದಲ್ಲಿ ಏಳುವ ಕಾಳು-ಚುಕ್ಕಿ) ಗುಣಿಸುತ್ತೀರಿ. ಇನ್ನೊಂದು ಮಾತು: ಡಾರ್ಕ್‌ಟೇಬಲ್ ಎಂಬ ಇನ್ನೊಂದು ರಾ ಸಾಫ್ಟ್‌ವೇರಿನ ಎಕ್ಸ್‌ಪೋಶರ್ ಮಾಡ್ಯೂಲ್ ನೇರ ಗುಣಾಕಾರ ಮಾಡುತ್ತದೆ, ಲೈಟ್‌ರೂಮಿನದು ಹೆಚ್ಚು ಬೆಳಕಿನ ಭಾಗವನ್ನು ತುದಿಯಲ್ಲಿ ಮೆಲ್ಲಗೆ ಬಾಗಿಸುತ್ತದೆ. ಹಾಗಾಗಿ ಎರಡರಲ್ಲೂ +1 ಎಂದು ಹಾಕಿ "ಒಂದೇ ಥರ ಕಾಣ್ತಿಲ್ಲವಲ್ಲ" ಎಂದು ಕೊರಗಬೇಡಿ.

ಸೊನ್ನೆಯಲ್ಲಿಟ್ಟರೆ ಕಾಣುವುದೇ ನಿಜವಾದ ಎಕ್ಸ್‌ಪೋಶರ್ ಅಲ್ಲವೇ?

ಆ ಸೊನ್ನೆ ಆಯಾ ಸಾಫ್ಟ್‌ವೇರ್ ಇಟ್ಟುಕೊಂಡ ಸೊನ್ನೆ. ಅಡೋಬಿಯವರು ಪ್ರತಿ ಕ್ಯಾಮೆರಾ ಮಾಡೆಲ್‌ಗೂ ಒಂದು ಮೂಲ ತಿದ್ದುಪಡಿಯನ್ನು ಒಳಗೇ ಸೇರಿಸಿರುತ್ತಾರೆ, ಸ್ಲೈಡರಿನಲ್ಲಿ ಅದು ಕಾಣುವುದಿಲ್ಲ. ಡಾರ್ಕ್‌ಟೇಬಲ್ ಸೀನ್-ರೆಫರ್ಡ್ ಎಂಬ ತನ್ನ ಕ್ರಮದಲ್ಲಿ ತೆರೆದ ಕೂಡಲೇ +0.7 ಹಾಕುತ್ತದೆ, ಆದರೆ ಅದನ್ನು ಮರೆಮಾಚುವುದಿಲ್ಲ, ಮಾಡ್ಯೂಲಿನಲ್ಲಿ ಅಂಕಿ ಕಾಣುತ್ತದೆ. ರಾಥೆರಪಿ ಎಂಬ ಸಾಫ್ಟ್‌ವೇರ್, ಒಳಗಿನ ಜೆಪೆಗ್ ನೋಡಿಕೊಂಡು ಅದಕ್ಕೆ ಹೊಂದುವ ಟೋನ್ ಕರ್ವ್ (ಬೆಳಕು-ನೆರಳಿನ ಹಂಚಿಕೆ ಬದಲಿಸುವ ಗೆರೆ) ಹಚ್ಚುತ್ತದೆ. ಏನೂ ಹಚ್ಚದೆ ನೋಡಬೇಕಿದ್ದರೆ ಅಲ್ಲಿ ನ್ಯೂಟ್ರಲ್ ಪ್ರೊಫೈಲ್ ಆರಿಸಿ.

ಒಂದೇ ಸಾಫ್ಟ್‌ವೇರಿನಲ್ಲಿ, ಒಂದೇ ಕ್ಯಾಮೆರಾದ ಫೈಲುಗಳನ್ನು ಹೋಲಿಸುವಾಗ ಮಾತ್ರ ಸೊನ್ನೆಗೆ ಅರ್ಥವಿದೆ.

ಹಾಗಾದರೆ ಫೈಲ್ ತೆರೆದ ಮೇಲೆ ಯಾವ ಕ್ರಮದಲ್ಲಿ ನೋಡಬೇಕು?

ಮೊದಲು ಲೆನ್ಸ್ ಪ್ರೊಫೈಲ್ (ಲೆನ್ಸಿನ ದೋಷ ತಿದ್ದುವ ಸೆಟ್ಟಿಂಗ್) ಆನ್ ಮಾಡಿ. ಎಫ್1.8ರಲ್ಲಿ ತೆಗೆದ ಫೋಟೊದ ಮೂಲೆಗಳು ಮಧ್ಯಕ್ಕಿಂತ ಒಂದು ಸ್ಟಾಪಿಗೂ ಹೆಚ್ಚು ಕಪ್ಪಾಗಿರಬಹುದು. ಅದನ್ನು ನೋಡಿ ಇಡೀ ಚಿತ್ರ ಕತ್ತಲು ಎಂದು ಭ್ರಮಿಸಿ ಸ್ಲೈಡರ್ ಏರಿಸಿದರೆ ಮಧ್ಯದ ಮುಖ ಸುಣ್ಣ ಬಳಿದಂತಾಗುತ್ತದೆ.

ಎರಡನೆಯದು ವೈಟ್ ಬ್ಯಾಲೆನ್ಸ್, ಅದೂ ಎಕ್ಸ್‌ಪೋಶರಿಗಿಂತ ಮೊದಲು. ವೈಟ್ ಬ್ಯಾಲೆನ್ಸ್ ಎಂದರೆ ಬಿಳಿ ಬಿಳಿಯಾಗಿಯೇ ಕಾಣುವಂತೆ ಕೆಂಪು, ನೀಲಿ ಚಾನೆಲ್‌ಗಳನ್ನು (ಆಯಾ ಬಣ್ಣದ ಅಂಕಿಗಳನ್ನು) ಬೇರೆ ಬೇರೆ ಅಂಕಿಯಿಂದ ಗುಣಿಸುವುದು. ಹಗಲ ಬೆಳಕಿನಲ್ಲಿ ಅನೇಕ ಕ್ಯಾಮೆರಾಗಳಲ್ಲಿ ಕೆಂಪನ್ನು ಸುಮಾರು ಎರಡು ಪಟ್ಟು ಮಾಡಲಾಗುತ್ತದೆ. ಎಕ್ಸ್‌ಪೋಶರ್ ಮೊದಲು ತೀರ್ಮಾನಿಸಿ ಆಮೇಲೆ ವೈಟ್ ಬ್ಯಾಲೆನ್ಸ್ ಬದಲಿಸಿದರೆ ಹಿಸ್ಟೋಗ್ರಾಂ (ಕಪ್ಪಿನಿಂದ ಬಿಳಿಯವರೆಗೆ ಎಷ್ಟೆಷ್ಟು ಪಿಕ್ಸೆಲ್ ಇವೆ ಎಂದು ತೋರುವ ನಕ್ಷೆ) ಪೂರಾ ಅಲುಗಾಡುತ್ತದೆ, ಮೊದಲಿನಿಂದ ಶುರು.

ಆಮೇಲೆ ಸ್ಲೈಡರ್. ಸೊನ್ನೆಯಲ್ಲಿ ಒಮ್ಮೆ ನೋಡಿ. ನಂತರ −2ಕ್ಕೆ ಇಳಿಸಿ, ಬೆಳ್ಳಗಿರುವ ಜಾಗಗಳನ್ನಷ್ಟೇ ನೋಡಿ: ಮೋಡ, ಪಂಚೆಯ ಮಡಿಕೆ, ನೀರಿನ ಮೇಲಿನ ಹೊಳಪು. ಮುಂದೆ +3ಕ್ಕೆ ಏರಿಸಿ, ಕಪ್ಪಿನ ಜಾಗಗಳನ್ನಷ್ಟೇ ನೋಡಿ: ತಲೆಗೂದಲು, ಮರದ ಬುಡ, ಬಾಗಿಲ ಒಳಗು. ಈ ಎರಡು ನೋಟದಲ್ಲಿ ಫೈಲಿನ ಎರಡೂ ತುದಿ ಗೊತ್ತಾಗುತ್ತದೆ. ಕೊನೆಗೆ ಸೊನ್ನೆಗೆ ಮರಳಿ, ಮುಖ್ಯ ವಸ್ತು ಸರಿ ಕಾಣುವಷ್ಟು ಮಾತ್ರ ಹೊಂದಿಸಿ. ಒಂದು ಫೋಟೊಗೆ ಐದಾರು ಸೆಕೆಂಡು ಸಾಕು.

ಫಾಸ್ಟ್‌ರಾವ್ಯೂವರ್ ಎಂಬ, ರಾ ಫೈಲ್ ನೋಡಿ ಆರಿಸುವ ಸಾಫ್ಟ್‌ವೇರಿನಲ್ಲಿ ಈ ಇಳಿಸಿ-ಏರಿಸಿ ನೋಡುವ ಕೆಲಸಕ್ಕೆ ಹೈಲೈಟ್ ಇನ್‌ಸ್ಪೆಕ್ಷನ್, ಶ್ಯಾಡೊ ಬೂಸ್ಟ್ ಎಂಬ ಎರಡು ಬಟನ್‌ಗಳೇ ಇವೆ. ಲೈಟ್‌ರೂಮಿನಲ್ಲಿ ಆಲ್ಟ್ ಕೀ ಒತ್ತಿ ಹಿಡಿದು ಎಕ್ಸ್‌ಪೋಶರ್ ಸ್ಲೈಡರ್ ಎಳೆದರೆ ಕ್ಲಿಪ್ ಆದ, ಅಂದರೆ ವಿವರ ಹೋಗಿ ಬರೀ ಬಿಳಿಯಾದ ಜಾಗ ಮಾತ್ರ ಬಣ್ಣದಲ್ಲಿ ಕಾಣುತ್ತದೆ. ಜೆ ಕೀ ಒತ್ತಿದರೆ ಹೋದ ಬಿಳಿ ಕೆಂಪಾಗಿ, ಹೋದ ಕಪ್ಪು ನೀಲಿಯಾಗಿ ತೋರುತ್ತದೆ.

ಆಕಾಶ ಪೂರ್ತಿ ಬಿಳಿ. ವಾಪಸ್ ಬರುತ್ತದೋ ಇಲ್ಲವೋ ತಿಳಿಯುವುದು ಹೇಗೆ?

ಕ್ಲಿಪ್ ಎರಡು ಬಗೆ. ಪರದೆಯಲ್ಲಿ ಕ್ಲಿಪ್ ಆಗಿದ್ದು, ಫೈಲಿನಲ್ಲೇ ಕ್ಲಿಪ್ ಆಗಿದ್ದು. ಜನ ಇವೆರಡನ್ನೂ ಒಂದೇ ಎಂದುಕೊಂಡು ಒಳ್ಳೆಯ ಫೋಟೊ ಅಳಿಸುತ್ತಾರೆ, ಇಲ್ಲವೇ ಸತ್ತ ಫೋಟೊ ಜೊತೆ ಅರ್ಧ ಗಂಟೆ ಗುದ್ದಾಡುತ್ತಾರೆ.

ಸ್ಲೈಡರನ್ನು −2 ಅಥವಾ −3ಕ್ಕೆ ಎಳೆಯಿರಿ. ಮೋಡದ ಅಂಚು, ನೀಲಿ ಛಾಯೆ ಮೂಡಿ ಬಂದರೆ ದತ್ತಾಂಶ ಇದೆ, ಪರದೆಯ ರೂಪದಲ್ಲಿ ಮಾತ್ರ ಬಿಳಿಯಾಗಿತ್ತು. ಬಿಳಿ ಹೋಗಿ, ಗೋಡೆಗೆ ಡಿಸ್ಟೆಂಪರ್ ಹೊಡೆದಂಥ ಸಪಾಟು ಬೂದು ಬಂದರೆ ಅಲ್ಲಿ ಏನೂ ಇಲ್ಲ. 14 ಬಿಟ್ ಫೈಲಿನಲ್ಲಿ ಅಂಕಿ 16383ರ ಆಚೆ ಹೋಗಲಾರದು (ಕೆಲವು ಕ್ಯಾಮೆರಾಗಳಲ್ಲಿ ಅದಕ್ಕೂ ಮೊದಲೇ ನಿಲ್ಲುತ್ತದೆ). ಎಲ್ಲ ಪಿಕ್ಸೆಲ್‌ಗಳೂ ಅದೇ ಅಂಕಿಯಲ್ಲಿ ನಿಂತಿದ್ದರೆ ಯಾವ ಸ್ಲೈಡರ್ ತಾನೇ ಏನು ಮಾಡೀತು.

ಇವೆರಡರ ನಡುವಿನ ಸ್ಥಿತಿಯೇ ತಲೆನೋವು. ಹಗಲಿನಲ್ಲಿ ಸಾಮಾನ್ಯವಾಗಿ ಹಸಿರು ಚಾನೆಲ್ ಮೊದಲು ತುಂಬುತ್ತದೆ, ಕೆಂಪು-ನೀಲಿಯಲ್ಲಿ ಇನ್ನೂ ವಿವರ ಇರುತ್ತದೆ. ಆಗ ಸಾಫ್ಟ್‌ವೇರ್ ಉಳಿದ ಚಾನೆಲ್‌ಗಳನ್ನು ನೋಡಿ ಹಸಿರನ್ನು ಊಹಿಸಿ ತುಂಬುತ್ತದೆ. ಊಹೆ ತಪ್ಪಿದ ಕಡೆ ಮೋಡ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಡಾರ್ಕ್‌ಟೇಬಲ್‌ನಲ್ಲಿ ಹೈಲೈಟ್ ರೀಕನ್‌ಸ್ಟ್ರಕ್ಷನ್ ಮಾಡ್ಯೂಲನ್ನು ಒಂದು ಕ್ಷಣ ಆಫ್ ಮಾಡಿ ನೋಡಿ: ಎಲ್ಲೆಲ್ಲಿ ಗುಲಾಬಿ ಎದ್ದು ಬರುತ್ತದೋ ಅಲ್ಲೆಲ್ಲ ಸೆನ್ಸರ್ ತುಂಬಿ ಚೆಲ್ಲಿದೆ. ಆ ಜಾಗ ಮೋಡದ ಒಂದು ತುದಿಯಾದರೆ ಚಿಂತೆ ಬೇಡ. ಮುಖದ ಮೇಲಾದರೆ ಆ ಫ್ರೇಮ್ ಬಿಟ್ಟು ಮುಂದಿನದನ್ನು ನೋಡಿ.

ಕ್ಯಾಮೆರಾದಲ್ಲಿ ಹೈಲೈಟ್ (ಅತಿ ಬೆಳಕಿನ ಜಾಗ) ಮಿಣುಕುತ್ತಿತ್ತು, ಕಂಪ್ಯೂಟರಿನಲ್ಲಿ ಎಲ್ಲ ವಿವರ ಇದೆ. ಕ್ಯಾಮೆರಾ ಸುಳ್ಳು ಹೇಳಿತಾ?

ಅದರ ಹಿಸ್ಟೋಗ್ರಾಂ ಮತ್ತು ಮಿಣುಕು ಎಚ್ಚರಿಕೆ ಎರಡೂ ಲೆಕ್ಕ ಹಾಕುವುದು ಜೆಪೆಗ್‌ನಿಂದ. ಕಾಂಟ್ರಾಸ್ಟ್ ಹೆಚ್ಚಿರುವ ಪಿಕ್ಚರ್ ಸ್ಟೈಲ್ ಇದ್ದರೆ ಮಿಣುಕು ಇನ್ನೂ ಬೇಗ ಶುರುವಾಗುತ್ತದೆ. ಸ್ಟೈಲನ್ನು ನ್ಯೂಟ್ರಲ್ ಅಥವಾ ಫ್ಲಾಟ್‌ಗೆ ಇಟ್ಟು ಕಾಂಟ್ರಾಸ್ಟ್ ಇಳಿಸಿದರೆ ಎಚ್ಚರಿಕೆ ರಾ ಫೈಲಿನ ನಿಜಕ್ಕೆ ಹತ್ತಿರ ಬರುತ್ತದೆ. ನಿಮ್ಮ ಕ್ಯಾಮೆರಾದಲ್ಲಿ ಮಿಣುಕಿನ ಆಚೆ ಎಷ್ಟು ಜಾಗವಿದೆ ಎಂದು ಅಳೆಯಲು ಒಂದು ಬಿಳಿ ಪಂಚೆಯನ್ನು ನೆರಳಿನಲ್ಲಿ ಹರವಿ, ಮ್ಯಾನುಯಲ್‌ನಲ್ಲಿ ಮೂರನೇ ಒಂದು ಸ್ಟಾಪ್‌ನಂತೆ ಏರಿಸುತ್ತ ಹತ್ತು ಫೋಟೊ ತೆಗೆಯಿರಿ. ಮಿಣುಕು ಶುರುವಾದ ಫ್ರೇಮ್‌ಗೂ ರಾ ಫೈಲಿನಲ್ಲಿ ನೂಲಿನ ಎಳೆ ಮಾಯವಾದ ಫ್ರೇಮ್‌ಗೂ ಇರುವ ಅಂತರವೇ ಉತ್ತರ. ಒಮ್ಮೆ ಅಳೆದರೆ ಆ ಕ್ಯಾಮೆರಾ ಇರುವವರೆಗೂ ಸಾಕು.

ಹಳೇಬೀಡಿನ ಶಿಲ್ಪಗಳು ಫೋಟೊದಲ್ಲಿ ಸಿಮೆಂಟಿನಲ್ಲಿ ಮಾಡಿದಂತೆ ಕಾಣುತ್ತವೆ, ಏಕೆ?

ಹೊಯ್ಸಳರ ಗುಡಿಗಳಿಗೆ ಬಳಸಿದ್ದು ಬಳಪದ ಕಲ್ಲು. ಹಸಿರು ಬೆರೆತ ಕಡು ಬೂದು ಬಣ್ಣ, ನಯ ಮಾಡಿದ ಕಡೆ ಹೆಚ್ಚುಕಮ್ಮಿ ಕಪ್ಪು. ಕ್ಯಾಮೆರಾದ ಮೀಟರಿಗೆ ಕಲ್ಲು ಯಾವುದೆಂದು ಗೊತ್ತಿಲ್ಲ. ಚೌಕಟ್ಟು ತುಂಬ ಕಪ್ಪು ಕಂಡರೆ ಅದನ್ನು ನಡುಬೂದಿಗೆ ಎತ್ತುತ್ತದೆ. ಹಾಗಾಗಿ ಹೊಯ್ಸಳೇಶ್ವರದ ಹೊರಗೋಡೆಯ ಆನೆ ಸಾಲು ತುಂಬಿದ ಫ್ರೇಮನ್ನು −0.5ರಿಂದ −0.8ರವರೆಗೆ ಇಳಿಸಿ ನೋಡಿ. ಕಲ್ಲು ತನ್ನ ತೂಕ ಮರಳಿ ಪಡೆಯುತ್ತದೆ, ಅಂಚುಗಳ ಹೊಳಪು ಎದ್ದು ಕಾಣುತ್ತದೆ.

ಅದೇ ಗೋಡೆಯ ಮೇಲೆ ಅರ್ಧ ಚೌಕಟ್ಟು ಆಕಾಶವಿದ್ದರೆ ಉಲ್ಟಾ: ಮೀಟರ್ ಆಕಾಶಕ್ಕೆ ಹೆದರಿ ಕಲ್ಲನ್ನು ಕತ್ತಲಿಗೆ ತಳ್ಳಿರುತ್ತದೆ. ಆಗ +1ರಿಂದ +1.5 ಬೇಕಾದೀತು. ಶ್ರವಣಬೆಳಗೊಳದಲ್ಲಿ ಈ ಲೆಕ್ಕ ಬೇರೆ. ಗೊಮ್ಮಟನ ಗ್ರಾನೈಟ್ ತಿಳಿ ಬಣ್ಣದ್ದು, ಬಯಲಿನಲ್ಲಿ ಬಿಸಿಲು ನೇರ ಬೀಳುತ್ತದೆ. ಅಲ್ಲಿ ಮೊದಲು ನೋಡಬೇಕಾದ್ದು ಹೆಗಲು ಮತ್ತು ಮೂಗಿನ ಮೇಲಿನ ಬಿಳಿ.

ಗುಡಿಯ ಕಲ್ಲನ್ನು ಬೆಳ್ಳಗೆ ಮಾಡಿ "ಕ್ಲಿಯರ್ ಆಗಿದೆ" ಎನ್ನುವ ಚಾಳಿ ಈಗ ಎಲ್ಲೆಲ್ಲೂ ಹಬ್ಬಿದೆ. ಕೆತ್ತನೆ ಕಾಣುವುದು ನೆರಳಿನಿಂದ. ನೆರಳು ತೆಗೆದರೆ ಕೆತ್ತನೆಯೂ ಹೋಯಿತು.

ಬೇಲೂರಿನ ನವರಂಗದೊಳಗಿನ ಕಂಬಗಳು ಕಪ್ಪಾಗಿ ಬಂದಿವೆ. ಎಷ್ಟು ಸ್ಟಾಪ್ ಎತ್ತಬಹುದು?

ಯಾವ ಐಎಸ್‌ಒದಲ್ಲಿ (ಕ್ಯಾಮೆರಾದ ಬೆಳಕಿನ ಸಂವೇದನೆಯ ಅಂಕಿ) ತೆಗೆದಿರಿ ಎಂಬುದರ ಮೇಲಿದೆ. ಈಚಿನ ಹೆಚ್ಚಿನ ಕ್ಯಾಮೆರಾಗಳಲ್ಲಿ ಐಎಸ್‌ಒ 100ರ ಫೈಲನ್ನು +3ರವರೆಗೆ ಎತ್ತಿದರೂ ಎ4 ಪ್ರಿಂಟಿಗೆ ತೊಂದರೆ ಬಾರದು. ಐಎಸ್‌ಒ 3200ರ ಫೈಲನ್ನು +1.5 ಎತ್ತುವಷ್ಟರಲ್ಲಿ ಕಾಳು ಕಾಳಾಗಿ ಬಣ್ಣದ ಚುಕ್ಕಿ ಏಳುತ್ತವೆ. ಹಳೆಯ ಕ್ಯಾಮೆರಾಗಳಲ್ಲಿ ನಾಯ್ಸಿಗಿಂತ ಮೊದಲು ಕಾಣುವುದು ಪಟ್ಟೆ: ಕಪ್ಪಿನ ಜಾಗದಲ್ಲಿ ಅಡ್ಡ ಅಥವಾ ಉದ್ದ ಗೆರೆಗಳು. ಚುಕ್ಕಿಯನ್ನು ನಾಯ್ಸ್ ರಿಡಕ್ಷನ್ ತಗ್ಗಿಸುತ್ತದೆ, ಪಟ್ಟೆಯನ್ನು ತಗ್ಗಿಸುವುದು ಕಷ್ಟ.

ಇದಕ್ಕೆ ಕಾರಣ ಅಂಕಿಗಳ ಹಂಚಿಕೆಯಲ್ಲಿದೆ. ಸೆನ್ಸರ್ ಬೆಳಕನ್ನು ನೇರ ಲೆಕ್ಕದಲ್ಲಿ ಬರೆಯುತ್ತದೆ. 14 ಬಿಟ್ ಫೈಲಿನ ಒಟ್ಟು 16384 ಮಟ್ಟಗಳಲ್ಲಿ ಅತಿ ಬೆಳಕಿನ ಒಂದು ಸ್ಟಾಪಿಗೇ 8192 ಮಟ್ಟ ಹೋಗುತ್ತದೆ. ಅದರ ಕೆಳಗಿನ ಸ್ಟಾಪಿಗೆ 4096, ಅದರ ಕೆಳಗೆ 2048. ಎಂಟನೇ ಸ್ಟಾಪಿಗೆ ಇಳಿಯುವ ಹೊತ್ತಿಗೆ ಕೈಯಲ್ಲಿ ಉಳಿಯುವುದು 64. ಮಟ್ಟಗಳಿಗಿಂತ ಹೆಚ್ಚಾಗಿ ಅಲ್ಲಿ ಬಿದ್ದ ಬೆಳಕೇ ಅತ್ಯಲ್ಪ, ನಾಯ್ಸ್ ಮಾತ್ರ ಹಾಗೇ ಇದೆ.

ನೋಡುವಾಗ 100 ಶೇಕಡಾ ಜೂಮಿನಲ್ಲಿ ನೋಡಿ, ಆದರೆ ತೀರ್ಮಾನವನ್ನು ಪ್ರಿಂಟಿನ ಅಳತೆಗೆ ಇಳಿಸಿ ಮಾಡಿ. ಇನ್ನೊಂದು ಎಚ್ಚರ: ಜಾಲಂಧ್ರದಿಂದ (ಕಲ್ಲಿನ ಜಾಲರಿ ಕಿಟಕಿ) ಬೆಳಕು ಸೀಳಿ ಬರುವ ಫ್ರೇಮಿನಲ್ಲಿ ಕಂಬಕ್ಕೆಂದು +3 ಕೊಟ್ಟರೆ ಜಾಲಂಧ್ರ ಪೂರ್ತಿ ಬಿಳಿ ಹಾಳೆಯಾಗುತ್ತದೆ. ನೋಡಲು +3 ಸರಿ, ಇಟ್ಟುಕೊಳ್ಳಲು ಅಲ್ಲ. ಇಟ್ಟುಕೊಳ್ಳುವಾಗ ಎಕ್ಸ್‌ಪೋಶರನ್ನು +1ರ ಆಸುಪಾಸಿನಲ್ಲಿ ನಿಲ್ಲಿಸಿ, ಉಳಿದದ್ದನ್ನು ಶ್ಯಾಡೊಸ್ ಸ್ಲೈಡರಿಗೆ ಬಿಡಿ.

ಮುಳ್ಳಯ್ಯನಗಿರಿಯ ಮಂಜು ಹೊಗೆಯಂತೆ ಕೊಳಕಾಗಿ ಕಾಣುತ್ತಿದೆ.

ಮೀಟರ್ ಬಿಳಿಯನ್ನೂ ನಡುಬೂದು ಮಾಡುತ್ತದೆ. +0.7ರಿಂದ +1.3 ಕೊಡಿ. ಮಂಜಿನ ಹಿಸ್ಟೋಗ್ರಾಂ ಒಂದೇ ಸಣ್ಣ ದಿಣ್ಣೆಯಂತಿರುತ್ತದೆ. ಆ ದಿಣ್ಣೆಯ ಬಲಬುಡ ಗೋಡೆಗೆ ತಾಗುವ ಮುಂಚೆ ನಿಲ್ಲಿಸಿ. ಏರಿಸಿದ ಮೇಲೆ ಮರ, ಮೆಟ್ಟಿಲು ತೇಲಿದಂತೆ ಕಂಡರೆ ಬ್ಲ್ಯಾಕ್ಸ್ ಸ್ವಲ್ಪ ಇಳಿಸಿ. ಡಿಹೇಜ್ ಸ್ಲೈಡರ್ ಮುಟ್ಟಬೇಡಿ, ಮಂಜು ತೆಗೆಯುವುದೇ ಅದರ ಕೆಲಸ!

ಕಾಫಿ ಹೂವಿನ ಎಸಳುಗಳಲ್ಲಿ ವಿವರವೇ ಇಲ್ಲ.

ಬೇಸಿಗೆಯ ಹೂಮಳೆ ಬಿದ್ದು ಎಂಟು-ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ, ಎರಡು-ಮೂರು ದಿನದಲ್ಲಿ ಹೂ ಕಂದುತ್ತದೆ. ಮತ್ತೆ ತೆಗೆಯೋಣ ಎಂದರೆ ಮುಂದಿನ ವರ್ಷವೇ. ಆದ್ದರಿಂದ ಈ ಫೈಲುಗಳನ್ನು ನೋಡುವಾಗ ಅವಸರ ಬೇಡ. ಚೌಕಟ್ಟಿನ ಬಹುಪಾಲು ಕಡುಹಸಿರು ಎಲೆ, ನಡುವೆ ಬಿಳಿ ಗೊಂಚಲು. ಮೀಟರ್ ಎಲೆಯನ್ನು ನೋಡಿ ಬೆಳಕು ಏರಿಸಿರುತ್ತದೆ, ಹೂ ಒಂದೂವರೆ ಸ್ಟಾಪ್ ಮೇಲೆ ಹೋಗಿರುತ್ತದೆ. −1.5ಕ್ಕೆ ಎಳೆದು, ಎಸಳಿನ ನಡುಗೆರೆ ಮತ್ತು ಕೇಸರದ ನೆರಳು ಕಾಣುತ್ತದೆಯೇ ನೋಡಿ. ಕಂಡರೆ ಫೈಲ್ ಕ್ಷೇಮ. ಅಲ್ಲಿಂದ −0.7ರ ಸುಮಾರಿಗೆ ಹಿಂದೆ ಬಂದು, ಹೈಲೈಟ್ಸ್ −40 ಕೊಡಿ. ಎಲೆಗಳು ಕಪ್ಪಾದವು ಎಂದು ಮರುಗಬೇಡಿ, ಸಿಲ್ವರ್ ಮರದ ನೆರಳಿನಡಿಯ ಎಲೆ ಕಣ್ಣಿಗೂ ಹಾಗೆಯೇ ಕಾಣುವುದು.

ಹೂ ತೆಗೆಯುವಾಗಲೇ ಕ್ಯಾಮೆರಾದಲ್ಲಿ −1 ಹಾಕಿಕೊಂಡರೆ ಈ ಪ್ರಶ್ನೆಯೇ ಏಳದು.

ಆಟೊ ಬಟನ್ ಒತ್ತಿಬಿಟ್ಟರೆ ಆಗದೇ?

ಆರಿಸುವ ಹೊತ್ತಿನಲ್ಲಿ ಬೇಡ. ಆಟೊ ಪ್ರತಿ ಫೋಟೊವನ್ನೂ ಒಂದೇ ಸರಾಸರಿಗೆ ತರುತ್ತದೆ. ಶೆಟ್ಟಿಹಳ್ಳಿಯ ಹಾಳು ಚರ್ಚಿನ ಮುಂದೆ −2, 0, +2 ಎಂದು ಬ್ರ್ಯಾಕೆಟ್ ಮಾಡಿದ ಮೂರು ಫ್ರೇಮ್‌ಗಳನ್ನು ಆಟೊದಲ್ಲಿ ತೆರೆದರೆ ಮೂರೂ ಒಂದೇ ಥರ ಕಾಣುತ್ತವೆ, ಒಂದರಲ್ಲಿ ಮಾತ್ರ ನಾಯ್ಸ್, ಇನ್ನೊಂದರಲ್ಲಿ ಸತ್ತ ಆಕಾಶ. ಯಾವುದು ಯಾವುದೆಂದು ಹುಡುಕುವ ಕೆಲಸ ನಿಮ್ಮ ಪಾಲಿಗೆ. ಡಾರ್ಕ್‌ಟೇಬಲ್‌ನಲ್ಲಿ ಆಟೊ ಒತ್ತದಿದ್ದರೂ ಇದೇ ಆಗಬಹುದು. ಅದರ ಎಕ್ಸ್‌ಪೋಶರ್ ಮಾಡ್ಯೂಲಿನಲ್ಲಿ, ಕ್ಯಾಮೆರಾದಲ್ಲಿ ನೀವು ಹಾಕಿದ ಕಾಂಪೆನ್ಸೇಶನ್ನನ್ನು (ಮೀಟರಿನ ಲೆಕ್ಕಕ್ಕೆ ಕೂಡಿಸಿದ ಇಲ್ಲವೇ ಕಳೆದ ಸ್ಟಾಪು) ತಾನಾಗಿ ಕಳೆಯುವ ಒಂದು ಟಿಕ್ ಇದೆ. ಬ್ರ್ಯಾಕೆಟ್ ನೋಡುವಾಗ ಆ ಟಿಕ್ ತೆಗೆಯಿರಿ. ಮೇಲೆ ಹೇಳಿದ ಕಾಫಿ ಹೂವಿಗೆ −1 ಹಾಕಿ ತೆಗೆದವರೂ ಅಷ್ಟೇ.

ಆಯ್ಕೆ ಮುಗಿದ ಮೇಲೆ ಆಟೊವನ್ನು ಒಂದು ಸಲಹೆಯಂತೆ ಬಳಸಬಹುದು. ಲೈಟ್‌ರೂಮಿನಲ್ಲಿ ಶಿಫ್ಟ್ ಹಿಡಿದು ಎಕ್ಸ್‌ಪೋಶರ್ ಪದದ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಅದೊಂದೇ ಸ್ಲೈಡರ್ ಆಟೊ ಆಗುತ್ತದೆ, ಉಳಿದವು ಹಾಗೇ ಇರುತ್ತವೆ.

ಕಲ್ಯಾಣ ಮಂಟಪದ ಫೋಟೊಗಳಲ್ಲಿ ಒಂದು ಬೆಳಕು, ಒಂದು ಕತ್ತಲು. ಒಂದೊಂದಾಗಿ ಸರಿಮಾಡಬೇಕಾ?

ಬೇಡ. ಧಾರೆಯ ಒಂದು ಸನ್ನಿವೇಶದಲ್ಲಿ ಬೆಳಕು ಬದಲಾಗದೆ ಇದ್ದು, ನಿಮ್ಮ ಶಟರ್-ಐಎಸ್‌ಒ ಮಾತ್ರ ಏರಿಳಿದಿದ್ದರೆ, ಚೆನ್ನಾಗಿರುವ ಒಂದು ಫ್ರೇಮನ್ನು ಹೊಂದಿಸಿ, ಉಳಿದವನ್ನೂ ಸೇರಿಸಿ ಆರಿಸಿಕೊಂಡು, ಲೈಟ್‌ರೂಮಿನ ಡೆವಲಪ್‌ನ ಸೆಟ್ಟಿಂಗ್ಸ್ ಮೆನುವಿನಲ್ಲಿ ಮ್ಯಾಚ್ ಟೋಟಲ್ ಎಕ್ಸ್‌ಪೋಶರ್ಸ್ ಒತ್ತಿ. ಅದು ಶಟರ್, ಅಪರ್ಚರ್, ಐಎಸ್‌ಒ ಓದಿ ಪ್ರತಿ ಫ್ರೇಮಿಗೂ ತಕ್ಕ ಅಂಕಿ ಹಾಕುತ್ತದೆ. ಸಿಂಕ್ ಒತ್ತಿದರೆ ಎಲ್ಲಕ್ಕೂ ಒಂದೇ ಅಂಕಿ ಬೀಳುತ್ತದೆ, ಏರುಪೇರು ಹಾಗೇ ಉಳಿಯುತ್ತದೆ. ಇದೇ ಇಲ್ಲಿ ಎಲ್ಲರೂ ಎಡವುವ ಜಾಗ. ಫ್ಲ್ಯಾಶ್ ಬಳಸಿದ ಫ್ರೇಮ್‌ಗಳಿಗೆ ಮ್ಯಾಚ್ ಕೆಲಸ ಮಾಡದು, ಫ್ಲ್ಯಾಶಿನ ಬೆಳಕು ಅದರ ಲೆಕ್ಕದಲ್ಲಿ ಇಲ್ಲ.

ಎಲ್ಲವನ್ನೂ ಇರುವಲ್ಲಿಂದ ಸ್ವಲ್ಪ ಏರಿಸಬೇಕೆಂದರೆ ಲೈಬ್ರರಿಯ ಕ್ವಿಕ್ ಡೆವಲಪ್ ಬಳಸಿ. ಅಲ್ಲಿ ಒಂಟಿ ಬಾಣ ಮೂರನೇ ಒಂದು ಸ್ಟಾಪ್, ಜೋಡಿ ಬಾಣ ಪೂರ್ತಿ ಒಂದು ಸ್ಟಾಪ್.

ಸೆಟ್ಟಿಂಗ್ ಒಂದೇ ಇದ್ದೂ ಫ್ರೇಮಿನಿಂದ ಫ್ರೇಮಿಗೆ ಬೆಳಕು ಕುಣಿಯುತ್ತಿದ್ದರೆ ಅದು ಎಲ್‌ಇಡಿ ಲೈಟಿನ ಮಿನುಗು. ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿನುಗುತ್ತದೆ. 1/500ರಲ್ಲಿ ತೆಗೆದರೆ ಒಂದು ಫ್ರೇಮಿಗೆ ಉಬ್ಬು ಸಿಗುತ್ತದೆ, ಇನ್ನೊಂದಕ್ಕೆ ತಗ್ಗು. ಒಂದೇ ಫ್ರೇಮಿನೊಳಗೆ ಅಡ್ಡಪಟ್ಟೆ ಬಿದ್ದಿದ್ದರೆ ಎಕ್ಸ್‌ಪೋಶರ್ ಸ್ಲೈಡರಿನಿಂದ ಪ್ರಯೋಜನವಿಲ್ಲ. ಮುಂದಿನ ಮದುವೆಗೆ ಶಟರನ್ನು 1/100 ಅಥವಾ 1/50ಕ್ಕೆ ಇಡಿ.

ಕೆಂಪು ರೇಷ್ಮೆ ಸೀರೆ, ಕುಂಕುಮ ಎಲ್ಲ ಒಂದೇ ಮುದ್ದೆಯಾಗಿ ಬಂದಿದೆ, ಮುಖ ಮಾತ್ರ ಸರಿಯಿದೆ.

ಕೆಂಪು ಚಾನೆಲ್ ಒಂದೇ ತುಂಬಿದೆ. ಹಳದಿ ಬಲ್ಬಿನ ಬೆಳಕಿನಲ್ಲಿ ಇದು ಇನ್ನೂ ಸಲೀಸಾಗಿ ಆಗುತ್ತದೆ, ಆ ಬೆಳಕಿನಲ್ಲೇ ಕೆಂಪು ಹೆಚ್ಚು. ಹಿಸ್ಟೋಗ್ರಾಂನ ಒಟ್ಟು ರೂಪ ನೋಡಿದರೆ ತಿಳಿಯದು, ಮೂರು ಬಣ್ಣ ಬಿಡಿಬಿಡಿಯಾಗಿ ತೋರಿಸುವಂತೆ ಇಟ್ಟುಕೊಳ್ಳಿ.

ಇಲ್ಲೂ ಎರಡು ಸಾಧ್ಯತೆ. ಸೆನ್ಸರಿನಲ್ಲೇ ಕೆಂಪು ತುಂಬಿರಬಹುದು. ಅಥವಾ ಸೆನ್ಸರಿನಲ್ಲಿ ಸರಿಯಿದ್ದು, ಪರದೆಯ ಎಸ್‌ಆರ್‌ಜಿಬಿ ಬಣ್ಣದ ವ್ಯಾಪ್ತಿಗೆ ಆ ಕೆಂಪು ಹಿಡಿಯದೇ ಹೋಗಿರಬಹುದು. ಡಾರ್ಕ್‌ಟೇಬಲ್‌ನ ರಾ ಓವರ್‌ಎಕ್ಸ್‌ಪೋಸ್ಡ್ ಸೂಚಕ ಆನ್ ಮಾಡಿ ನೋಡಿ. ಸೀರೆಯ ಮೇಲೆ ಗುರುತು ಬೀಳದಿದ್ದರೆ ಎರಡನೆಯದೇ ಕಾರಣ. ಎಕ್ಸ್‌ಪೋಶರ್ ಮುಟ್ಟದೆ ಕೆಂಪಿನ ಸ್ಯಾಚುರೇಶನ್ ಮಾತ್ರ 15–20 ಇಳಿಸಿ, ಜರಿಯ ಅಂಚು, ನೇಯ್ಗೆ ಮರಳುತ್ತದೆ. ಗುರುತು ಬಿದ್ದರೆ ಎಷ್ಟು ಇಳಿಸಿದರೂ ಮುದ್ದೆ ಮುದ್ದೆಯೇ. ಕಣದಲ್ಲಿ ಹರವಿದ ಕಾಫಿ ಹಣ್ಣಿನ ಫೋಟೊಗಳಿಗೂ ಇದೇ ಪರೀಕ್ಷೆ.

ನನ್ನ ಕ್ಯಾಮೆರಾದ ಪ್ರತಿ ಫೈಲೂ ಸರಿಯಾಗಿ ಒಂದು ಸ್ಟಾಪ್ ಕತ್ತಲಾಗಿ ತೆರೆಯುತ್ತದೆ.

ಕ್ಯಾಮೆರಾದ ಮೆನು ನೋಡಿ. ಕ್ಯಾನನ್‌ನ ಹೈಲೈಟ್ ಟೋನ್ ಪ್ರಯಾರಿಟಿ ಆನ್ ಇದ್ದರೆ ಸೆನ್ಸರ್ ಫೈಲನ್ನು ಒಂದು ಸ್ಟಾಪ್ ಕತ್ತಲಾಗಿ ಬರೆದು, ಜೆಪೆಗ್‌ನಲ್ಲಿ ಮಾತ್ರ ಎತ್ತಿ ತೋರಿಸುತ್ತದೆ. ಐಎಸ್‌ಒ 100 ಆರಿಸಲು ಬಿಡದೆ 200ರಿಂದ ಶುರುವಾಗುವುದೇ ಅದರ ಗುರುತು. ಫ್ಯೂಜಿಯ ಡಿಆರ್200 ಒಂದು ಸ್ಟಾಪ್, ಡಿಆರ್400 ಎರಡು ಸ್ಟಾಪ್ ಹೀಗೆ ಮಾಡುತ್ತವೆ. ನಿಕಾನ್‌ನ ಆ್ಯಕ್ಟಿವ್ ಡಿ-ಲೈಟಿಂಗ್ ದೃಶ್ಯಕ್ಕೆ ತಕ್ಕಂತೆ ಸ್ವಲ್ಪ ಕತ್ತಲು ಮಾಡಬಹುದು. ಆ ಸೂಚನೆಯನ್ನು ಓದುವ ಸಾಫ್ಟ್‌ವೇರ್ ತಾನಾಗಿ ಎತ್ತುತ್ತದೆ, ಓದದ್ದು ಕತ್ತಲಾಗಿಯೇ ತೋರಿಸುತ್ತದೆ. ರಾ ಮಾತ್ರ ತೆಗೆಯುವವರು ಇವನ್ನೆಲ್ಲ ಆಫ್ ಮಾಡಿಕೊಳ್ಳುವುದು ಲೇಸು.

ಪರದೆಯಲ್ಲಿ ಸರಿಯಿದ್ದ ಆಲ್ಬಂ ಲ್ಯಾಬಿನಿಂದ ಕತ್ತಲಾಗಿ ಬರುತ್ತದೆ.

ಲ್ಯಾಬಿನವರನ್ನು ಬೈಯುವ ಮೊದಲು ಮಾನಿಟರಿನ ಬ್ರೈಟ್‌ನೆಸ್ ನೋಡಿ. ಫೋಟೊ ಕೆಲಸಕ್ಕೆ ಚದರ ಮೀಟರಿಗೆ 100–120 ಕ್ಯಾಂಡೆಲಾ ಸಾಕು. ಹೊಸ ಲ್ಯಾಪ್‌ಟಾಪ್‌ಗಳು ಪೂರ್ತಿ ಏರಿಸಿದರೆ 300ಕ್ಕೂ ಮೀರುತ್ತವೆ. ಅಷ್ಟು ಉರಿಯುವ ಪರದೆ ನೋಡಿ ನೀವು ಸ್ಲೈಡರ್ ಇಳಿಸುತ್ತೀರಿ, ಕಾಗದಕ್ಕೆ ಆ ಉರಿ ಇಲ್ಲ. ಅಳೆಯುವ ಯಂತ್ರ ಇಲ್ಲದಿದ್ದರೆ ಹೀಗೆ ಮಾಡಿ: ಪರದೆಯಲ್ಲಿ ಖಾಲಿ ಬಿಳಿ ಪುಟ ತೆರೆದು, ಪಕ್ಕದಲ್ಲಿ ಒಂದು ಬಿಳಿ ಹಾಳೆ ಹಿಡಿದು, ಎರಡೂ ಒಂದೇ ಬೆಳಕಿನಲ್ಲಿ ಇರುವಂತೆ ಕಾಣುವವರೆಗೆ ಬ್ರೈಟ್‌ನೆಸ್ ಇಳಿಸಿ. ಕೋಣೆಯ ಬೆಳಕನ್ನೂ ಒಂದೇ ಥರ ಇಟ್ಟುಕೊಳ್ಳಿ. ಮಲೆನಾಡಿನ ಆಷಾಢದ ಮಬ್ಬಿನಲ್ಲಿ ಮಾಡಿದ ಕೆಲಸವನ್ನು ಮಾರ್ಚಿನ ಬಿಸಿಲಲ್ಲಿ ತೆರೆದರೆ ಬೇರೆಯಾಗಿಯೇ ಕಾಣುತ್ತದೆ.

ಸಾಫ್ಟ್‌ವೇರಿನ ಕಪ್ಪು ಹಿನ್ನೆಲೆಯೂ ಮೋಸ ಮಾಡುತ್ತದೆ, ಕಪ್ಪಿನ ನಡುವೆ ಎಲ್ಲವೂ ಬೆಳ್ಳಗೆ ಕಾಣುತ್ತದೆ. ಲೈಟ್‌ರೂಮಿನಲ್ಲಿ ಹಿನ್ನೆಲೆಯ ಮೇಲೆ ರೈಟ್ ಕ್ಲಿಕ್ ಮಾಡಿ ಬಿಳಿ ಆರಿಸಿ. ಡಾರ್ಕ್‌ಟೇಬಲ್‌ನಲ್ಲಿ ಕಂಟ್ರೋಲ್-ಬಿ ಒತ್ತಿದರೆ ಚಿತ್ರದ ಸುತ್ತ ಬಿಳಿ ಅಂಚು, ಆಚೆ ಬೂದು ಬರುತ್ತದೆ. ಕೊನೆಯ ತೀರ್ಮಾನ ಅದರಲ್ಲಿ ಮಾಡಿ.

ಮೊಬೈಲಿನ ರಾ ಫೋಟೊ ಅದರ ಜೆಪೆಗ್‌ಗಿಂತ ಕೆಟ್ಟದಾಗಿದೆಯಲ್ಲ?

ಮೊಬೈಲಿನ ಜೆಪೆಗ್ ಹಲವು ಫ್ರೇಮ್‌ಗಳನ್ನು ಬೆಸೆದು ಮಾಡಿದ್ದು. ಸಾದಾ ಡಿಎನ್‌ಜಿ (ಮೊಬೈಲಿನ ರಾ ಫೈಲಿನ ಬಗೆ) ಒಂದೇ ಫ್ರೇಮ್, ಅದೂ ಹೈಲೈಟ್ ಉಳಿಸಲೆಂದು ಕತ್ತಲಾಗಿ ತೆಗೆದದ್ದು ಇರಬಹುದು. ಪುಟ್ಟ ಸೆನ್ಸರ್ ಬೇರೆ. +1ಕ್ಕಿಂತ ಹೆಚ್ಚು ನಿರೀಕ್ಷಿಸಬೇಡಿ.

ಹೀಗೆ ಎಳೆದಾಡುವುದರಿಂದ ಮೂಲ ಫೈಲಿಗೆ ಏಟು ಬೀಳುವುದಿಲ್ಲವೇ?

ಬೀಳುವುದಿಲ್ಲ. ನೀವು ಹಾಕಿದ ಅಂಕಿಗಳು ಸಾಫ್ಟ್‌ವೇರಿನ ಕ್ಯಾಟಲಾಗಿನಲ್ಲೋ, ಪಕ್ಕದ ಎಕ್ಸ್‌ಎಂಪಿ ಎಂಬ ಸಣ್ಣ ಫೈಲಿನಲ್ಲೋ ಕೂರುತ್ತವೆ. ಡಿಎನ್‌ಜಿ ಮಾತ್ರ ಬೇರೆ: ಅದಕ್ಕೆ ಅಂಕಿಗಳನ್ನು ಅದೇ ಫೈಲಿನೊಳಗೆ ಬರೆಯಬಹುದು, ಚಿತ್ರದ ದತ್ತಾಂಶ ಆಗಲೂ ಬದಲಾಗದು.

ಫಾಸ್ಟ್‌ರಾವ್ಯೂವರ್‌ನಲ್ಲಿ ಹಾಕಿದ ಎಕ್ಸ್‌ಪೋಶರ್, ನಕ್ಷತ್ರಗಳನ್ನು (ರೇಟಿಂಗ್) ಲೈಟ್‌ರೂಮ್ ಎಕ್ಸ್‌ಎಂಪಿಯಿಂದ ಓದಿಕೊಳ್ಳುತ್ತದೆ. ಮೊದಲೇ ಇಂಪೋರ್ಟ್ ಮಾಡಿದ್ದರೆ ಮೆಟಾಡೇಟಾ ಮೆನುವಿನಲ್ಲಿ ರೀಡ್ ಮೆಟಾಡೇಟಾ ಒತ್ತಬೇಕು. ಹಾಗೆ ಒತ್ತಿದರೆ ಲೈಟ್‌ರೂಮಿನಲ್ಲಿ ಅಷ್ಟರವರೆಗೆ ಮಾಡಿದ್ದ ತಿದ್ದುಪಡಿ ಅಳಿಸಿಹೋಗುತ್ತದೆ, ಎಚ್ಚರ. ಡಾರ್ಕ್‌ಟೇಬಲ್ ತನ್ನ ಎಕ್ಸ್‌ಎಂಪಿಗೆ ಮೂಲ ಫೈಲಿನ ಪೂರ್ತಿ ಹೆಸರಿಟ್ಟು ಕೊನೆಗೆ ಎಕ್ಸ್‌ಎಂಪಿ ಸೇರಿಸುತ್ತದೆ, ಹಾಗಾಗಿ ಎರಡರ ಫೈಲುಗಳೂ ಒಂದೇ ಫೋಲ್ಡರಿನಲ್ಲಿ ಜಗಳವಿಲ್ಲದೆ ಇರಬಹುದು. ಆಲ್ಬಂ ಡಿಸೈನರಿಗೆ ಪೆನ್‌ಡ್ರೈವಿನಲ್ಲಿ ರಾ ಫೈಲುಗಳನ್ನು ಕೊಡುವಾಗ ಎಕ್ಸ್‌ಎಂಪಿಗಳನ್ನೂ ಜೊತೆಗೆ ಹಾಕಿ. ಅವು ಕೆಲವೇ ಕಿಲೋಬೈಟ್. ಅವನ್ನು ಬಿಟ್ಟರೆ ಫೋಟೊ ಅಲ್ಲಿ ಮತ್ತೆ ಸೊನ್ನೆಯಲ್ಲೇ ತೆರೆಯುತ್ತದೆ.